ಪೋರ್ಟಿಗೂ ಬೇರೆ ತೀರ್ಪು ಬೇಕು: ಆಕ್ಷೇಪಗಳಿಗೆ ಉತ್ತರ

ಹೊಸ ವಿಡಿಯೊ ಗೇಮುಗಳ ಬಗ್ಗೆ, ಒಂದು ಯಂತ್ರಕ್ಕೆಂದು ಮಾಡಿದ ಆಟವನ್ನು ಇನ್ನೊಂದು ಯಂತ್ರಕ್ಕೆ ಹೊಂದಿಸಿ ತರುವ ಪೋರ್ಟುಗಳ ಬಗ್ಗೆ ನಾನು ನಾಲ್ಕು ನಾಲ್ಕು ಸಾಲಿನ ತೀರ್ಪು ಬರೆಯುತ್ತೇನೆ. ಅದಕ್ಕೆ ನಮ್ಮ ಹಾಸನ ಜಿಲ್ಲೆಯಿಂದಲೇ ಸಾಕಷ್ಟು ಆಕ್ಷೇಪಗಳು ಬಂದಿವೆ. ಚನ್ನರಾಯಪಟ್ಟಣದ ತಾಯಿಯೊಬ್ಬರು, ಹೊಳೆನರಸೀಪುರದ ನಿವೃತ್ತ ಮೇಷ್ಟ್ರು, ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಇಬ್ಬರು ಹುಡುಗರು, ಅರಕಲಗೂಡಿನ ಹಿರಿಯ ಓದುಗರೊಬ್ಬರು ಬರೆದಿದ್ದಾರೆ. ಕಾಲೆಳೆಯಲು ಬರೆದವರು ಇವರಲ್ಲಿ ಒಬ್ಬರೂ ಇಲ್ಲ. ಹಾಗಾಗಿ ಒಬ್ಬೊಬ್ಬರಿಗೂ ಬಿಡಿಸಿ ಉತ್ತರ ಹೇಳಬೇಕು.

ತಾಯಿಯ ಮಾತು ಮೊದಲು. “ಮಕ್ಕಳು ಓದು ಬಿಟ್ಟು ಇದರಲ್ಲೇ ಮುಳುಗಿದ್ದಾರೆ. ನೀವು ಅದಕ್ಕೆ ವಿಮರ್ಶೆ ಬೇರೆ ಬರೆದು ಗೌರವ ತರುತ್ತೀರಿ.” ಅವರ ಭಯ ಸುಳ್ಳಲ್ಲ. ಆದರೆ ಆ ಭಯದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಕಲೆತಿವೆ. ಮೊಬೈಲಿನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳು ಮನೆ ಮುರಿದದ್ದನ್ನು ಎಲ್ಲರೂ ಬಲ್ಲೆವು. ಅದನ್ನು ತಡೆಯಲು ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು, 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಕಲಮುಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣದಾಟಗಳನ್ನು ನಿಷೇಧಿಸುವ ಕಾಯ್ದೆ ಒಪ್ಪಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸನ್ನೂ ಬರೀ ಮನರಂಜನೆಯ ಆಟಗಳನ್ನೂ ಬೇರೆಯಾಗಿಯೇ ಇಟ್ಟಿದೆ. ನಾನು ಬರೆಯುವುದು ಈ ಎರಡನೆಯ ಬಗೆಯ ಬಗ್ಗೆ, ಒಮ್ಮೆ ಬೆಲೆ ಕೊಟ್ಟು ಮನೆಗೆ ತಂದು ಆಡುವ ಆಟಗಳ ಬಗ್ಗೆ.

ಅಮ್ಮ, ಆ ಬೆಲೆ ಕೊಡುವವರು ನೀವೇ ಅಲ್ಲವೇ? ಡಬ್ಬಿಯ ಮೇಲೆ 18 ಎಂದು ಅಚ್ಚಾಗಿರುವುದು ಹನ್ನೆರಡರ ಹುಡುಗನಿಗಲ್ಲ ಎಂದು ಯಾರಾದರೂ ನಿಮಗೆ ಕನ್ನಡದಲ್ಲಿ ಹೇಳಬೇಕು. ಕೊಂಡ ಮೇಲೂ ಆಟದೊಳಗೆ ಬಟ್ಟೆಗೆ, ಬಂದೂಕಿಗೆ ಎಂದು ಮತ್ತೆ ಮತ್ತೆ ದುಡ್ಡು ಕೇಳುತ್ತದೋ ಇಲ್ಲವೋ ಎಂದೂ ಹೇಳಬೇಕು. ನನ್ನ ತೀರ್ಪಿನ ಕೊನೆಯ ಸಾಲು ಸದಾ ಇದಕ್ಕೇ ಮೀಸಲು. ಆ ಸಾಲನ್ನು ನಾನು ಬರೆಯುವುದು ಆಡುವ ಹುಡುಗನಿಗಾಗಿ ಅಲ್ಲ, ಪಕ್ಕದಲ್ಲಿ ನಿಂತು ನೋಡುವ ನಿಮಗಾಗಿ.

ಎಂಜಿನಿಯರಿಂಗ್ ಹುಡುಗರ ಆಕ್ಷೇಪ ಇದಕ್ಕೆ ನೇರ ಎದುರು ದಿಕ್ಕಿನದು. ನೂರಾರು ಜನ ವರ್ಷಗಟ್ಟಲೆ ದುಡಿದು ಮಾಡಿದ, ಅರವತ್ತು ಗಂಟೆ ಆಡಬೇಕಾದ ಆಟವನ್ನು ನಾಲ್ಕು ಸಾಲಿನಲ್ಲಿ ಮುಗಿಸುವುದು ಆ ದುಡಿಮೆಗೆ ಅವಮಾನ ಎನ್ನುತ್ತಾರೆ. ತೀರ್ಪು ಚಿಕ್ಕದಾದ ಮಾತ್ರಕ್ಕೆ ಆಡಿದ್ದು ಚಿಕ್ಕದಾಗುವುದಿಲ್ಲ. 2023ರ ಡಿಸೆಂಬರಿನಲ್ಲಿ ಕೈಯಲ್ಲಿ ಹಿಡಿದೂ ಟಿವಿಗೆ ಜೋಡಿಸಿಯೂ ಆಡುವ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಬಂದ ಬ್ಯಾಟ್‌ಮ್ಯಾನ್ ಆರ್ಕಮ್ ಟ್ರೈಲಜಿಯ ಬಗ್ಗೆ ನಾನು ಬರೆದದ್ದು ಇಷ್ಟು: “ಮೂರರಲ್ಲಿ ಮೊದಲ ಎರಡನ್ನು ಕೈಯಲ್ಲಿ ಹಿಡಿದು ಆಡಲು ಅಡ್ಡಿಯಿಲ್ಲ. ಮೂರನೆಯದು, ಆರ್ಕಮ್ ನೈಟ್, ಕಾರು ಹತ್ತಿದ ಕೂಡಲೇ ತಡವರಿಸುತ್ತದೆ. ಅದಕ್ಕಾಗಿಯೇ ಕೊಳ್ಳುವುದಾದರೆ ಬೇಡ, ಹಳೆಯ ಪಿಎಸ್4 ಸಿಕ್ಕರೆ ಅದರಲ್ಲಿ ಆಡಿ. ಹೊಡೆದಾಟ ಜಾಸ್ತಿ, ಚಿಕ್ಕವರಿಗಲ್ಲ.”

ಇದರಲ್ಲಿ ಯಾವ ಸಾಲನ್ನು ಉದ್ದ ಮಾಡಿದರೆ ಓದುವವನಿಗೆ ಹೆಚ್ಚು ಉಪಯೋಗ? ಗಾಥಮ್ ನಗರದ ಕತ್ತಲೆಯ ಬಗ್ಗೆ, ಜೋಕರನ ನಗುವಿನ ಬಗ್ಗೆ ಪುಟಗಟ್ಟಲೆ ಬರೆಯಬಹುದು, ಬರೆದೂ ಇದ್ದೇನೆ. ಅದು ಆಡಿ ಮುಗಿಸಿದವರ ಜೊತೆಗಿನ ಮಾತು. ತೀರ್ಪು ಇನ್ನೂ ಕೊಳ್ಳದವರಿಗೆ. ಸೋನಿಯ ಪ್ಲೇಸ್ಟೇಷನ್ 5, ಅಂದರೆ ಪಿಎಸ್5ರ ದೊಡ್ಡ ಆಟವೊಂದಕ್ಕೆ ನಮ್ಮ ದೇಶದಲ್ಲಿ 4,999 ರೂಪಾಯಿ ಬೆಲೆ ಇಟ್ಟಿದ್ದಾರೆ. ಪ್ಲೇಸ್ಟೇಷನ್ ಅಂಗಡಿಯಲ್ಲಿ ಕೊಂಡು ಒಮ್ಮೆ ಡೌನ್‌ಲೋಡ್ ಶುರು ಮಾಡಿದರೆ, ಆಟವೇ ಕೆಟ್ಟಿದೆ ಎಂದಾಗದ ಹೊರತು ಹಣ ವಾಪಸ್ ಕೇಳುವ ಹಾಗಿಲ್ಲ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಎರಡು ಗಂಟೆಯೊಳಗೆ ಆಡಿ ಬಿಟ್ಟರೆ ಹದಿನಾಲ್ಕು ದಿನದೊಳಗೆ ವಾಪಸ್ ಕೇಳಬಹುದು. ಅಲ್ಲೂ ತೊಡಕಿದೆ. 2023ರ ಮಾರ್ಚ್‌ನಲ್ಲಿ ಕಂಪ್ಯೂಟರಿಗೆ ಬಂದ ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಶುರುವಾಗುವ ಮುಂಚೆ ಚಿತ್ರಗಳ ಸಿದ್ಧತೆಗೆಂದು ಹಳೆಯ ಕಂಪ್ಯೂಟರುಗಳನ್ನು ಬಹಳ ಹೊತ್ತು ಕಾಯಿಸುತ್ತಿತ್ತು. ಎರಡು ಗಂಟೆಯ ಗಡುವಿನಲ್ಲಿ ದೊಡ್ಡ ಪಾಲು ಆ ಕಾಯುವಿಕೆಗೇ ಹೋಯಿತು. ಅಂಗಡಿಯ ಮುಂದೆ ನಿಂತ ಹುಡುಗ ಕೇಳುವುದು “ತಗೋಬೋದಾ ಬೇಡ್ವಾ” ಎಂದು. ಅವನಿಗೆ ನಾಲ್ಕು ಸಾಲಿನಲ್ಲಿ ಉತ್ತರ ಹೇಳಲಾರದವನು ನಲವತ್ತು ಪುಟ ಬರೆದರೂ ಹೇಳಲಾರ.

ಇದೇ ಹುಡುಗರ ಎರಡನೆಯ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. “ಕಥೆ ಅದೇ, ಸಂಗೀತ ಅದೇ, ಹೆಸರೂ ಅದೇ. ಯಂತ್ರ ಬದಲಾಯಿತು ಅಂತ ಒಂದೇ ಆಟಕ್ಕೆ ಎರಡು ತೀರ್ಪು ಹೇಗೆ?”

ಹಾಸನದಲ್ಲಿ ಹುಟ್ಟಿದವರು ಈ ಪ್ರಶ್ನೆ ಕೇಳಬಾರದು. ಪ್ರತಿ ವರ್ಷ ಮಳೆಗೆ ಮುಂಚೆ ಜಲಂಧರದಿಂದ ಲಾರಿಗಟ್ಟಲೆ ಬಿತ್ತನೆ ಆಲೂಗಡ್ಡೆ ನಮ್ಮ ಎಪಿಎಂಸಿಗೆ ಬರುತ್ತದೆ. ಪಂಜಾಬಿನ ಒಣ ಚಳಿಯಲ್ಲಿ ಚೆನ್ನಾಗಿ ಬಂದ ತಳಿ ಇಲ್ಲಿಯ ಮೋಡ, ಜಿನುಗು ಮಳೆ, ಅಂಗಮಾರಿ ರೋಗದ ಎದುರು ಹೇಗೆ ನಿಲ್ಲುತ್ತದೆ ಎಂದು ರೈತ ಇಲ್ಲಿಯ ಹೊಲದಲ್ಲೇ ನೋಡುತ್ತಾನೆ. ಅಲ್ಲಿ ಎಷ್ಟು ಇಳುವರಿ ಬಂತೆಂಬ ಲೆಕ್ಕ ಅವನ ಹೊಲಕ್ಕೆ ಅನ್ವಯಿಸುವುದಿಲ್ಲ. ಪೋರ್ಟ್ ಅಂದರೂ ಅದೇ.

ಸೈಬರ್‌ಪಂಕ್ 2077 ಎಂಬ ಆಟ ಹೊರಬಂದದ್ದು 2020ರ ಡಿಸೆಂಬರ್ 10ರಂದು. ಬಿಡುಗಡೆಗೆ ಮುಂಚೆ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನ ಪ್ರತಿ ಮಾತ್ರ. ಹೊಗಳಿಕೆಯೆಲ್ಲ ಆ ಪ್ರತಿಗೆ ಸಂದದ್ದು. ಅದನ್ನು ಓದಿ ಹಳೆಯ ಪಿಎಸ್4 ಇದ್ದವರು ಕೊಂಡರು. ಅವರ ಟಿವಿಯಲ್ಲಿ ರಸ್ತೆಗಳು ಬರಿದಾಗಿದ್ದವು, ಮುಖಗಳು ಮಸುಕಾಗಿದ್ದವು, ಆಟ ನಡುನಡುವೆ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಸುಮಾರು ಒಂದು ವಾರದಲ್ಲಿ ಸೋನಿ ತನ್ನ ಅಂಗಡಿಯಿಂದಲೇ ಆ ಆಟವನ್ನು ತೆಗೆದುಹಾಕಿತು. ಮತ್ತೆ ಮಾರಾಟಕ್ಕೆ ಇಟ್ಟದ್ದು 2021ರ ಜೂನ್‌ನಲ್ಲಿ. ವಿಮರ್ಶಕರ ಅಂಕಗಳ ಸರಾಸರಿ ಹೇಳುವ ಮೆಟಾಕ್ರಿಟಿಕ್ ಪಟ್ಟಿಯಲ್ಲಿ ಕಂಪ್ಯೂಟರ್ ಪ್ರತಿಗೆ 86 ಅಂಕ ಬಂದರೆ ಪಿಎಸ್4 ಪ್ರತಿಗೆ 57. ಆಟ ಒಂದೇ, ಕಥೆ ಒಂದೇ. ನಮ್ಮ ಊರಿನ ಎಷ್ಟು ಮನೆಯಲ್ಲಿ ದುಬಾರಿ ಗ್ರಾಫಿಕ್ಸ್ ಕಾರ್ಡಿನ ಕಂಪ್ಯೂಟರ್ ಇದೆ? ಇಲ್ಲಿರುವುದು ಸೆಕೆಂಡ್ ಹ್ಯಾಂಡ್ ಪಿಎಸ್4, ಇಲ್ಲವೇ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಿಂದ ತಂದ ಸ್ವಿಚ್. ನಿಂಟೆಂಡೊ ನಮ್ಮ ದೇಶದಲ್ಲಿ ಸ್ವಿಚ್ ಅನ್ನು ಅಧಿಕೃತವಾಗಿ ಮಾರಿಯೇ ಇಲ್ಲ. ಅಂಥದ್ದನ್ನು ಕೊಂಡವರಿಗೆ ಆಮೇಲೆ ದೂರು ಹೇಳಲೂ ಜಾಗವಿಲ್ಲ. ಅವರ ಯಂತ್ರದಲ್ಲಿ ಆಟ ಹೇಗಿದೆ ಎಂದು ಹೇಳದ ವಿಮರ್ಶೆಯಿಂದ ಅವರಿಗೆ ಏನು ಪ್ರಯೋಜನ?

ಪೋರ್ಟ್ ಎಂದರೆ ಯಾವಾಗಲೂ ಕಡಿಮೆ ದರ್ಜೆಯದು ಎಂದು ನಾನು ಹೇಳುತ್ತಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಜಿಲ್ಲೆಯ ಮನೆಗಳಲ್ಲಿ ‘ಟಿವಿ ಗೇಮ್’ ಎಂದು ಕರೆಯುತ್ತಿದ್ದ ಡಬ್ಬಿಗೆ ಕ್ಯಾಸೆಟ್ ಒತ್ತಿ ಕಾಂಟ್ರಾ ಆಡಿದವರು ಬಹಳ ಜನ. ಅವರು ಆಡಿದ್ದು ಒಂದು ಪೋರ್ಟನ್ನು ಎಂದು ಎಷ್ಟು ಜನಕ್ಕೆ ಗೊತ್ತು? ಕೊನಾಮಿ ಕಂಪನಿ 1987ರಲ್ಲಿ ಕಾಂಟ್ರಾ ಮಾಡಿದ್ದು ದುಡ್ಡು ಹಾಕಿ ಆಡುವ ದೊಡ್ಡ ಯಂತ್ರಕ್ಕೆ. ಅದರ ಪರದೆ ಉದ್ದಕ್ಕೆ ನಿಂತಿತ್ತು. ಮುಂದಿನ ವರ್ಷ ಮನೆಯ ಯಂತ್ರಕ್ಕೆ ತರುವಾಗ ಟಿವಿ ಅಗಲಕ್ಕಿದೆ, ಯಂತ್ರದ ಶಕ್ತಿಯೂ ಕಡಿಮೆ. ಅವರು ಇದ್ದದ್ದನ್ನೇ ತುರುಕಲಿಲ್ಲ. ಅಗಲದ ಪರದೆಗೆ ಕಾಡನ್ನು ಮತ್ತೆ ಬರೆದರು. ಕೊನೆಯಲ್ಲಿ ಒಂದೇ ಓಟದಲ್ಲಿ ಮುಗಿಯುತ್ತಿದ್ದ ಭಾಗವನ್ನು ಬಿಡಿಸಿ, ಹಿಮದ ಬಯಲಿನಿಂದ ಹಿಡಿದು ಬೇರೆ ಬೇರೆ ಹಂತಗಳನ್ನಾಗಿ ಬೆಳೆಸಿದರು. ಇಬ್ಬರು ಕೂಡಿ ಆಡುವುದನ್ನು ಮಾತ್ರ ಬಿಡಲಿಲ್ಲ. ಅಣ್ಣ ತಮ್ಮ ಪಕ್ಕಪಕ್ಕ ಕೂತು ಆಡುವ ಸುಖ ಹಾಗೇ ಉಳಿಯಿತು. ಮೂಲಕ್ಕಿಂತ ಪೋರ್ಟೇ ಚೆನ್ನ ಎಂದು ಜಗತ್ತು ಇವತ್ತಿಗೂ ಹೇಳುತ್ತದೆ, ನಾನೂ ಹೇಳುತ್ತೇನೆ. ಇದಕ್ಕೆ ತದ್ವಿರುದ್ಧ 1982ರಲ್ಲಿ ಅಟಾರಿ 2600ಕ್ಕೆ ತಂದ ಪ್ಯಾಕ್-ಮ್ಯಾನ್. ನಾಲ್ಕು ಭೂತಗಳನ್ನು ಒಟ್ಟಿಗೆ ತೋರಿಸಲಾರದೆ ಸರದಿಯ ಮೇಲೆ ತೋರಿಸಿದ್ದರಿಂದ ಅವು ಆಟದುದ್ದಕ್ಕೂ ಮಿಣುಕುತ್ತಿದ್ದವು. ಹೆಸರು ನೋಡಿ ಕೊಂಡವರ ಕಣ್ಣು ನೋಯಿತು.

ಹೊಸ ಕಾಲದಲ್ಲೂ ಒಳ್ಳೆಯ ಉದಾಹರಣೆ ಇದೆ. 2019ರ ಅಕ್ಟೋಬರಿನಲ್ಲಿ ಸೇಬರ್ ಇಂಟರ್ಯಾಕ್ಟಿವ್‌ನವರು ವಿಚರ್ 3 ಎಂಬ ಮಹಾ ಆಟವನ್ನು, ಅದರ ಎರಡು ಉಪಕಥೆಗಳ ಸಮೇತ, ಸ್ವಿಚ್‌ನ 32 ಜಿಬಿ ಕಾರ್ಡಿನಲ್ಲಿ ಹಿಡಿಸಿದರು. ಚಿತ್ರ ಮಸುಕು, ನಿಜ. ಕಾಡಿನ ಎಲೆಗಳು ದೂರದಿಂದ ಕಲೆಸಿದಂತೆ ಕಾಣುತ್ತವೆ. ಆದರೆ ಕುದುರೆ ಹತ್ತಿ ಊರಿಂದ ಊರಿಗೆ ಹೋಗುವಾಗ ಆಟ ನಿಲ್ಲುವುದಿಲ್ಲ, ಕಥೆಯಲ್ಲಿ ಒಂದು ಕೂದಲೂ ಕಡಿಮೆಯಾಗಿಲ್ಲ. ನಾನು ‘ಕೊಳ್ಳಿ’ ಎಂದೇ ಬರೆದೆ. ಚಿತ್ರ ಎಷ್ಟು ಹೊಳೆಯುತ್ತದೆ ಎನ್ನುವುದಕ್ಕಿಂತ, ಏನನ್ನು ಬಿಡಬೇಕು ಏನನ್ನು ಉಳಿಸಬೇಕು ಎಂದು ಮಾಡಿದವರು ಯೋಚಿಸಿದ್ದಾರೆಯೇ ಎನ್ನುವುದನ್ನೇ ನಾನು ಮೊದಲು ನೋಡುತ್ತೇನೆ.

“ಅಪ್‌ಡೇಟ್ ಬರುತ್ತದಲ್ಲ, ಅಷ್ಟು ಅವಸರ ಯಾಕೆ” ಎಂದೂ ಆ ಹುಡುಗರು ಕೇಳಿದ್ದಾರೆ. ಮತ್ತೆ ಸೈಬರ್‌ಪಂಕನ್ನೇ ನೋಡಿ. ಆಟದ ಹಣೆಬರಹ ಬದಲಿಸಿದ 2.0 ಅಪ್‌ಡೇಟ್ ಬಂದದ್ದು 2023ರ ಸೆಪ್ಟೆಂಬರಿನಲ್ಲಿ, ಪಿಎಸ್5, ಹೊಸ ಎಕ್ಸ್‌ಬಾಕ್ಸ್ ಮತ್ತು ಕಂಪ್ಯೂಟರುಗಳಿಗೆ ಮಾತ್ರ. ಯಾರು ಮೊದಲ ದಿನ ಪೂರ್ತಿ ಬೆಲೆ ಕೊಟ್ಟು ಮೋಸಹೋದರೋ ಆ ಪಿಎಸ್4ನವರಿಗೆ ಅದು ಬರಲೇ ಇಲ್ಲ. ಆರ್ಕಮ್ ನೈಟ್‌ನ ಕಂಪ್ಯೂಟರ್ ಪೋರ್ಟ್ 2015ರ ಜೂನ್ 23ಕ್ಕೆ ಬಂತು, ಮರುದಿನವೇ ಮಾರಾಟ ನಿಲ್ಲಿಸಬೇಕಾಯಿತು, ಮತ್ತೆ ಮಾರಾಟಕ್ಕೆ ಬಂದಾಗ ಅಕ್ಟೋಬರ್ ಮುಗಿಯುತ್ತಿತ್ತು. ಅಪ್‌ಡೇಟ್ ಬಂದರೂ ಅದು ಹತ್ತಾರು ಜಿಬಿ. ಅರಕಲಗೂಡಿನ ಹಳ್ಳಿಯಲ್ಲಿ ದಿನಕ್ಕೆ 1.5 ಜಿಬಿಯ ಮೊಬೈಲ್ ಡಾಟಾ ನಂಬಿ, ಕರೆಂಟು ಹೋಗುವ ಮುಂಚೆ ಇಳಿಸಿಕೊಳ್ಳಬೇಕಾದವನಿಗೆ ಆ ಭರವಸೆಯಿಂದ ಏನು ಸಿಗುತ್ತದೆ? ಇವತ್ತು ಪೂರ್ತಿ ಬೆಲೆ ಕೇಳುವವರಿಗೆ ಇವತ್ತಿನ ಸ್ಥಿತಿ ನೋಡಿಯೇ ತೀರ್ಪು. ಆಟ ಸರಿಹೋದ ದಿನ ಹೊಸದಾಗಿ ಬರೆಯುತ್ತೇನೆ.

ಮೇಷ್ಟ್ರದ್ದು ಬೇರೆ ತರ್ಕ. ಇದು ಬೆಂಗಳೂರಿನ ಸಂಗತಿ, ಹಾಸನಕ್ಕೇಕೆ ಎನ್ನುತ್ತಾರೆ. ಮೇಷ್ಟ್ರೇ, ನಿಮ್ಮ ಶಿಷ್ಯರೇ ಆ ಬೆಂಗಳೂರಿನಲ್ಲಿ ಕೆಲಸ ಹುಡುಕುವವರು. ಧ್ರುವ ಇಂಟರ್ಯಾಕ್ಟಿವ್ ಎಂಬ ಕಂಪನಿ 1997ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ಫೋರ್ಜಾದಂಥ ರೇಸಿಂಗ್ ಆಟಗಳಿಗೆ ಕಾರುಗಳನ್ನು ಕಡೆದುಕೊಟ್ಟಿತು. 2019ರಲ್ಲಿ ಜಿಟಿಎ ಮಾಡುವ ರಾಕ್‌ಸ್ಟಾರ್ ಅದನ್ನು ಕೊಂಡು ತನ್ನ ಬೆಂಗಳೂರು ಘಟಕಕ್ಕೆ ಸೇರಿಸಿಕೊಂಡಿತು. ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಹುಡುಗಿ ನಾಳೆ ಅಲ್ಲಿ ಕೂತು ಒಂದು ಪೋರ್ಟ್ ತಿದ್ದುವವಳಾಗಬಹುದು. ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ವ್ಯತ್ಯಾಸ ಏನೆಂದು ಅವಳು ತನ್ನ ಭಾಷೆಯಲ್ಲಿ ಓದಿಕೊಂಡು ಹೋಗಲಿ.

ಕೊನೆಯದು ಅರಕಲಗೂಡಿನ ಹಿರಿಯರದು, ನೋವಿನಿಂದ ಬರೆದದ್ದು. “ನಮ್ಮ ದೇಶದವರು ಕಷ್ಟಪಟ್ಟು ಮಾಡಿದ ಆಟಗಳನ್ನೂ ನೀವು ಬಿಡುವುದಿಲ್ಲ.” ಬಿಡುವುದಿಲ್ಲ, ನಿಜ. 2009ರಲ್ಲಿ ಹೈದರಾಬಾದಿನಲ್ಲಿ ತಯಾರಾಗಿ ಪಿಎಸ್2ಗೆ ಬಂದ ‘ಹನುಮಾನ್: ಬಾಯ್ ವಾರಿಯರ್’ ದೇವರ ಹೆಸರು ಹೊತ್ತಿತ್ತು, ಗುಂಡಿ ಒತ್ತಿದರೆ ಪಾತ್ರ ಮಾತು ಕೇಳುತ್ತಿರಲಿಲ್ಲ. 2021ರ ಗಣರಾಜ್ಯೋತ್ಸವಕ್ಕೆ ಬೆಂಗಳೂರಿನ ಕಂಪನಿಯೊಂದು ಬಿಟ್ಟ ಫೌ-ಜಿ ಎಂಬ ಆಟ ಗಾಲ್ವಾನ್ ಕಣಿವೆಯಲ್ಲಿ ಹೋರಾಡಿದ ಯೋಧರ ಹೆಸರಿನಲ್ಲಿ ಬಂತು, ಒಳಗಿದ್ದದ್ದು ಒಂದೇ ಬಗೆಯ ಗುದ್ದಾಟ. ಯೋಧರ ಮೇಲಿನ ಗೌರವವೇ ಇನ್ನಷ್ಟು ಚೆನ್ನಾಗಿ ಮಾಡಲು ಕಾರಣವಾಗಬೇಕಿತ್ತು.

ಹಾಗೆಂದು ‘ರಾಜಿ’ಯನ್ನು ನಾನು ಮನಸಾರೆ ಹೊಗಳಿದ್ದೇನೆ. ಪುಣೆಯ ನಾಡಿಂಗ್ ಹೆಡ್ಸ್ ತಂಡ, ಜನರಿಂದ ಹಣ ಕೂಡಿಸಲು ಹೋಗಿ ಗುರಿ ಮುಟ್ಟದಿದ್ದರೂ ಪಟ್ಟು ಬಿಡದೆ 2020ರಲ್ಲಿ ಮುಗಿಸಿದ ಆಟ ಅದು. ತಮ್ಮನನ್ನು ಹುಡುಕಿ ಹೊರಟ ಹುಡುಗಿ, ಗೋಡೆಯ ಚಿತ್ರಗಳಲ್ಲಿ ಬಿಚ್ಚಿಕೊಳ್ಳುವ ಪುರಾಣ, ದುರ್ಗೆ ವಿಷ್ಣುವಿನ ಜೊತೆ ಮಾತಾಡುತ್ತಾ ಕಥೆ ಹೇಳುವುದು, ಇವೆಲ್ಲ ನನಗೆ ಬೇರೆ ಯಾವ ಆಟದಲ್ಲೂ ಸಿಕ್ಕಿಲ್ಲ. ಆದರೆ ಸ್ವಿಚ್ ಅನ್ನು ಕೈಯಲ್ಲಿ ಹಿಡಿದಾಗ ಕ್ಯಾಮೆರಾ ಎಷ್ಟು ದೂರ ಸರಿದಿದೆಯೆಂದರೆ ರಾಜಿ ಎಲ್ಲಿದ್ದಾಳೆಂದು ಕಣ್ಣು ಕಿರಿದು ಮಾಡಿ ಹುಡುಕಬೇಕು. ಕಥೆಯೂ ನಡುದಾರಿಯಲ್ಲಿ ಕಡಿದುಬೀಳುತ್ತದೆ. 2022ರ ತಿದ್ದಿದ ಆವೃತ್ತಿಯಲ್ಲಿ ಹಿಂದಿಯ ಧ್ವನಿ ಸೇರಿತು, ಕನ್ನಡದ್ದು ಸೇರಲಿಲ್ಲ. ಈ ಮೂರು ಕೊರತೆಗಳನ್ನೂ ‘ಟಿವಿಗೆ ಜೋಡಿಸಿ ಆಡುವುದಾದರೆ ಖಂಡಿತ ಕೊಳ್ಳಿ’ ಎಂಬ ಮಾತಿನ ಜೊತೆಗೇ ಬರೆದಿದ್ದೇನೆ, ಒಂದನ್ನೂ ತೆಗೆಯುವುದಿಲ್ಲ.