ಎರಡು ಸೈಜಿನ ಡ್ರೈವು, ಒಂದು ಇಡ್ಲಿ ಪಾತ್ರೆ

ಓಕ್ಲ್ಯಾಂಡಿನ ಟ್ವೆಲ್ತ್ ಸ್ಟ್ರೀಟ್ ಬಾರ್ಟ್ ಸ್ಟೇಷನ್ನಿನಿಂದ ಮೇಲೆ ಬಂದು ಎರಡು ಬ್ಲಾಕ್ ನಡೆದರೆ ಕ್ಲೇ ಸ್ಟ್ರೀಟಿನಲ್ಲಿ ಅವಳಿ ಗೋಪುರದ ಕಟ್ಟಡವೊಂದು ಸಿಗುತ್ತೆ. ರೊನಾಲ್ಡ್ ಡೆಲ್ಲಮ್ಸ್ ಫೆಡರಲ್ ಬಿಲ್ಡಿಂಗ್. 2021ರಲ್ಲಿ ಎಪಿಕ್ ಗೇಮ್ಸ್‌ನವರೂ ಆಪಲ್‌ನವರೂ ಕಿತ್ತಾಡಿದ ಕೋರ್ಟು ಇರೋದು ಇಲ್ಲೇ. ಪೇಟೆಂಟ್ ವ್ಯಾಜ್ಯಗಳೂ ಇಲ್ಲಿಗೆ ಬರುತ್ತವೆ. ದಿನಾ ಅದರ ಮುಂದೇನೇ ಓಡಾಡ್ತೀನಿ, ಆದರೆ ಒಂದು ದಿನವೂ ತಲೆ ಎತ್ತಿ ನೋಡಿರಲಿಲ್ಲ. ಕಳೆದ ವರ್ಷ ಒಂದು ಸಂಜೆ ನೋಡಿದೆ. ಯಾಕಂದ್ರೆ ಅವತ್ತು ನನ್ನ ಬ್ಯಾಗಿನಲ್ಲಿ ಒಂದು ಫಾರ್ಮ್ ಇತ್ತು. ನಾನೊಂದು ಆವಿಷ್ಕಾರ ಮಾಡಿದ್ದೀನಿ ಅಂತ ನಾನೇ ಸಹಿ ಹಾಕಿ ಕೊಡಬೇಕಾದ ಫಾರ್ಮ್!

ಏನಪ್ಪಾ ಅಂಥ ಆವಿಷ್ಕಾರ ಅಂತೀರಾ? ಹೇಳ್ತೀನಿ. ಆಗ ನಾನಿದ್ದದ್ದು ಸ್ಟೋರೇಜ್ ಸರ್ವರ್ ಮಾಡುವ ಒಂದು ಕಂಪನಿಯಲ್ಲಿ (ಹೆಸರು ಬೇಡ). ಡೇಟಾ ಸೆಂಟರ್ ರ್‍ಯಾಕಿನೊಳಗೆ ಕೂರುವ, ಸುಮಾರು 3.5 ಇಂಚು ಎತ್ತರದ ಒಂದು ಡಬ್ಬ. ಇಂಥ ಡಬ್ಬದ ಮುಂಭಾಗದಲ್ಲಿ ಸಾಮಾನ್ಯವಾಗಿ 3.5 ಇಂಚಿನ 12 ಡ್ರೈವ್ ಹಿಡಿಸುತ್ತೆ, ಇಲ್ಲಾಂದ್ರೆ 2.5 ಇಂಚಿನ 24. ದೊಡ್ಡವು ಅಗ್ಗ, ಜಾಗ ಜಾಸ್ತಿ. ಚಿಕ್ಕವು ಸಾಮಾನ್ಯವಾಗಿ ಎಸ್‌ಎಸ್‌ಡಿಗಳು, ವೇಗ ಜಾಸ್ತಿ. ಎರಡೂ ಬೇಕಾದಾಗ ಏನು ಮಾಡ್ತೀರಿ? ಒಂದೇ ಡಬ್ಬದಲ್ಲಿ ಎರಡನ್ನೂ ಇಡ್ತೀರಿ. ನಾವೂ ಅದನ್ನೇ ಮಾಡಿದ್ವಿ. ಯಾವ ಡೇಟಾ ಯಾವ ಡ್ರೈವಿಗೆ ಹೋಗಬೇಕು ಅನ್ನೋ ಸಾಫ್ಟ್‌ವೇರ್ ಬರೆದವನು ನಾನು. ಡಬ್ಬದ ಚಿತ್ರ ಬರೆದವರು ಬೇರೆಯವರು. ಆದರೂ ಫಾರ್ಮಿನಲ್ಲಿ ನನ್ನ ಹೆಸರೂ ಇತ್ತು. ವಿಷಯ, "ಬೇರೆ ಬೇರೆ ಅಳತೆಯ ಡ್ರೈವುಗಳನ್ನು ಹಿಡಿಯುವ ಸರ್ವರ್ ಚಾಸಿ".

ಟೀಮಿನಲ್ಲಿ ಧಾರವಾಡ ಕಡೆಯ ಒಬ್ಬ ಅಣ್ಣ ಇದ್ರು, ನನಗಿಂತ ಹತ್ತು ವರ್ಷ ದೊಡ್ಡವರು. ನನ್ನ ಮುಖ ನೋಡಿ ನಕ್ಕರು. "ಏ ತಮ್ಮಾ, ಸುಮ್ನ ಸಹಿ ಮಾಡಿ ಒಗಿ. ನಾಳೆ ಇಬಿ-ಒನ್ ಹಾಕೂ ಮುಂದ ಇದ ಕೈ ಹಿಡೀತದ ನೋಡು." ಅವರು ಹೇಳಿದ್ದು ತಮಾಷೆಯಲ್ಲ. ಗ್ರೀನ್ ಕಾರ್ಡಿಗೆ ಇಬಿ-2 ಸಾಲಿನಲ್ಲಿ ನಿಂತ ಭಾರತೀಯರ ಕಾಯುವಿಕೆ ದಶಕಗಳ ಲೆಕ್ಕದ್ದು. ಇಬಿ-1ರ "ಅಸಾಮಾನ್ಯ ಸಾಮರ್ಥ್ಯ"ದ ದಾರಿಯಲ್ಲಿ ಹೋದರೆ ಸಾಲು ಚಿಕ್ಕದು. ಆ ದಾರಿಯ ಹತ್ತು ಅಳತೆಗೋಲುಗಳಲ್ಲಿ ಮೂರನ್ನಾದರೂ ಮುಟ್ಟಬೇಕು, ಅದರಲ್ಲೊಂದು ಕ್ಷೇತ್ರಕ್ಕೆ ಕೊಟ್ಟ ಸ್ವಂತ ಕೊಡುಗೆ. ಅದಕ್ಕೆ ಸಾಕ್ಷಿಯಾಗಿ ಪೇಟೆಂಟ್ ತೋರಿಸೋದು ನಮ್ಮಲ್ಲಿ ಮಾಮೂಲು. ಜೊತೆಗೆ ಕಂಪನಿ ಕೊಡೋ ಬೋನಸ್ಸು ಬೇರೆ. ಒಂದು ಸಹಿಗೆ ಇಷ್ಟೆಲ್ಲಾ!

ಅವತ್ತು ರಾತ್ರಿ ಊರಿಗೆ ಫೋನ್ ಮಾಡಿದ್ದೆ. ತುಮಕೂರಲ್ಲಿ ಆಗ ಬೆಳಗಿನ ತಿಂಡಿ ಹೊತ್ತು. "ಏನಮ್ಮಾ ತಿಂಡಿ?" ಅಂದ್ರೆ "ಇಡ್ಲಿ ಕಣೋ, ತಾತಂಗೆ ತಟ್ಟೆ ಇಡ್ಲಿ" ಅಂದ್ರು. ತಾತನಿಗೆ ಹಲ್ಲಿಲ್ಲ, ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಥರ ಮೆತ್ತಗಿರಬೇಕು. ನಮಗೆ ಮಾಮೂಲಿ ಇಡ್ಲಿ. ಎರಡು ಪಾತ್ರೆ ಯಾರಿಡ್ತಾರೆ? ಅಮ್ಮ ಒಂದೇ ಪಾತ್ರೆಯಲ್ಲಿ ಕೆಳಗೆ ಎರಡು ತಟ್ಟೆ ಇಡ್ಲಿ, ನಡುವೆ ಹಬೆ ಆಡೋಕೆ ಒಂದು ಪುಟ್ಟ ಸ್ಟೀಲ್ ಬಟ್ಟಲು, ಮೇಲೆ ಮಾಮೂಲಿ ಇಡ್ಲಿ ಕುಳಿಗಳು. ಚಿಕ್ಕವು ಬೇಗ ಬೇಯುತ್ತವಲ್ಲ, ಮೇಲಿದ್ರೆ ಮೊದಲು ತೆಗೀಬಹುದು. ನಾನು ಹುಟ್ಟೋಕೆ ಮುಂಚಿಂದ ಹೀಗೇ. ಇದನ್ನ ಆವಿಷ್ಕಾರ ಅಂತ ಅಮ್ಮನಿಗೆ ಹೇಳಿದ್ರೆ ಸೌಟಲ್ಲಿ ಹೊಡೀತಾರೆ.

ಫೋನಿಟ್ಟ ಮೇಲೆ ನಿದ್ದೆ ಬರಲಿಲ್ಲ. ನಮ್ಮ ಡಬ್ಬಕ್ಕೂ ಈ ಪಾತ್ರೆಗೂ ಏನು ವ್ಯತ್ಯಾಸ?

*

ಪೇಟೆಂಟಿಗೆ ಹೊಸತನ ಒಂದೇ ಸಾಲದು. ಆ ಕಸುಬು ಬಲ್ಲ ಸಾಧಾರಣ ಮನುಷ್ಯನಿಗೆ ಸಲೀಸಾಗಿ ಹೊಳೆಯುವಂಥದ್ದಾಗಿರಬಾರದು. ಇದಕ್ಕೇ ಇಲ್ಲಿ "ಆಬ್ವಿಯಸ್" ಅನ್ನೋದು. ಈ ನಿಯಮದ ಬೇರು 1851ರ ಒಂದು ಕೇಸಿನಲ್ಲಿದೆ. ಬಾಗಿಲ ಹಿಡಿಯನ್ನು ಮರ, ಲೋಹದ ಬದಲು ಜೇಡಿಮಣ್ಣು, ಪಿಂಗಾಣಿಯಲ್ಲಿ ಮಾಡಿದವರಿಗೆ ಅಮೆರಿಕದ ಸುಪ್ರೀಂ ಕೋರ್ಟು ಇದು ಒಳ್ಳೇ ಕೆಲಸಗಾರನ ಕೈಚಳಕ, ಆವಿಷ್ಕಾರಕನದ್ದಲ್ಲ ಅಂತ ಹೇಳಿ ಕಳಿಸಿತು. 1955ರಲ್ಲಿ ಮರದ ಹಲಗೆಗಳ ಕಟ್ಟಿನ ಕೇಸೊಂದರಲ್ಲಿ ಪೇಟೆಂಟ್ ಮೇಲ್ಮನವಿ ಕೋರ್ಟು, ಬರೀ ಗಾತ್ರ ಬದಲಾದರೆ ಪೇಟೆಂಟ್ ಇಲ್ಲ ಅಂದಿತು.

ನನಗೆ ತುಂಬಾ ಇಷ್ಟವಾಗಿದ್ದು 1976ರದ್ದು. ದನದ ಕೊಟ್ಟಿಗೆಯ ಇಳಿಜಾರು ನೆಲದ ಮೇಲೆ, ಕೂಡಿಟ್ಟ ನೀರನ್ನು ಒಮ್ಮೆಲೇ ಬಿಟ್ಟು ಸಗಣಿ ಕೊಚ್ಚಿಕೊಂಡು ಹೋಗುವ ವ್ಯವಸ್ಥೆಗೆ ಪೇಟೆಂಟ್! ಮಲೆನಾಡಿನ ಯಾವ ಮನೆಯವರನ್ನಾದರೂ ಕೇಳಿ, ಕೊಟ್ಟಿಗೆ ತೊಳೆಯೋದು ಹೇಗೆ ಅಂತ. ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ತೊಟ್ಟಿ ಹಳೇದು, ಇಳಿಜಾರು ಹಳೇದು, ನೀರು ಹಳೇದು. ಸೇರಿಸಿದ ಮೇಲೂ ಪ್ರತಿಯೊಂದೂ ಮೊದಲಿನ ಕೆಲಸವನ್ನೇ ಮಾಡ್ತಿದೆ. ಪೇಟೆಂಟ್ ವಜಾ.

2007ರಲ್ಲಿ ಬಂದದ್ದು ಕೆಎಸ್‌ಆರ್ ಮತ್ತು ಟೆಲಿಫ್ಲೆಕ್ಸ್ ಕೇಸು. ಕಾರಿನ ಆಕ್ಸಿಲರೇಟರ್ ಪೆಡಲನ್ನು ಹಿಂದೆ ಮುಂದೆ ಹೊಂದಿಸೋದು ಮೊದಲೇ ಇತ್ತು, ಎಲೆಕ್ಟ್ರಾನಿಕ್ ಸೆನ್ಸರ್ರೂ ಇತ್ತು. ಎರಡನ್ನೂ ಕೂಡಿಸಿದ್ದಕ್ಕೆ ಪೇಟೆಂಟ್ ಇತ್ತು. ಕೋರ್ಟು ಒಮ್ಮತದಿಂದ ಆಗಲ್ಲ ಅಂದಿತು. ಇವೆರಡನ್ನು ಕೂಡಿಸಿ ಅಂತ ಯಾವುದೋ ಹಳೇ ಕಾಗದದಲ್ಲಿ ಬರೆದಿರಲೇಬೇಕು ಅಂತೇನಿಲ್ಲ, ಸಾಧಾರಣ ಕೆಲಸಗಾರನಿಗೂ ಒಂದಿಷ್ಟು ಸ್ವಂತ ಬುದ್ಧಿ ಇರುತ್ತೆ, ಅವನೇನು ಯಂತ್ರ ಅಲ್ಲ ಅನ್ನೋದು ಅದರ ಸಾರ.

ನಮ್ಮ ಡಬ್ಬವನ್ನು ಈ ತಕ್ಕಡಿಗೆ ಹಾಕಿ ನೋಡಿ. 3.5 ಇಂಚಿನ ಡ್ರೈವಿನ ಅಗಲ ನಿಜಕ್ಕೂ 4 ಇಂಚು, 2.5 ಇಂಚಿನದ್ದರ ಅಗಲ ಸುಮಾರು 70 ಮಿಲಿಮೀಟರ್. ಎರಡರದ್ದೂ ಉದ್ದ, ಅಗಲ, ಸ್ಕ್ರೂ ತೂತು, ಕನೆಕ್ಟರಿನ ಜಾಗ ಎಲ್ಲಾ ಕೈಗಾರಿಕಾ ಮಾನದಂಡಗಳಲ್ಲಿ ಅಚ್ಚಾಗಿವೆ. ಸಾಟಾ ಕನೆಕ್ಟರ್ ಎರಡಕ್ಕೂ ಒಂದೇ. ದೊಡ್ಡ ಗೂಡಿನಲ್ಲಿ ಚಿಕ್ಕ ಡ್ರೈವ್ ಕೂರಿಸೋ ಅಡಾಪ್ಟರ್ ತಟ್ಟೆ ಅಂಗಡಿಯಲ್ಲಿ ಸಿಗುತ್ತೆ. ಮುಂದೆ ದೊಡ್ಡವು, ಹಿಂದೆ ಎರಡು ಚಿಕ್ಕವು ಇರೋ ಸರ್ವರ್‌ಗಳು ಮಾರುಕಟ್ಟೆಗೆ ಬಂದು ಎಷ್ಟೋ ವರ್ಷವಾಯ್ತು. ಕೂಡಿಸಿದ ಮೇಲೂ ದೊಡ್ಡದು ದೊಡ್ಡದರ ಕೆಲಸ, ಚಿಕ್ಕದು ಚಿಕ್ಕದರ ಕೆಲಸ ಮಾಡುತ್ತೆ. ಕೊಟ್ಟಿಗೆ ಕೇಸೇ, ಸಗಣಿ ಮಾತ್ರ ಇಲ್ಲ.

*

ತಡೀರಿ, ಇನ್ನೊಂದು ಮಗ್ಗುಲೂ ಇದೆ. ಒಗಟಿನ ಉತ್ತರ ಕೇಳಿದ ಮೇಲೆ "ಓ, ಇಷ್ಟೇನಾ" ಅನ್ನೋದು ಸುಲಭ. ಕೋರ್ಟುಗಳೂ ಈ ಬಗ್ಗೆ ಎಚ್ಚರಿಸ್ತಾನೇ ಬಂದಿವೆ. ಕೇಳೋಕೆ ಸುಲಭವಾದದ್ದು ಮಾಡೋಕೆ ಸುಲಭ ಅಂತಲೂ ಅಲ್ಲ. 2008ರಲ್ಲಿ ವೆಸ್ಟರ್ನ್ ಡಿಜಿಟಲ್‌ನವರು ವೆಲಾಸಿರಾಪ್ಟರ್ ಅನ್ನೋ 2.5 ಇಂಚಿನ ಡ್ರೈವನ್ನು 3.5 ಇಂಚಿನ ಲೋಹದ ಚೌಕಟ್ಟಿನಲ್ಲಿ ಕೂರಿಸಿ ಮಾರಿದರು. ಮೊದಲ ಮಾದರಿಯ ಕನೆಕ್ಟರ್ ಇರಬೇಕಾದ ಜಾಗದಲ್ಲಿರಲಿಲ್ಲ. ಸರ್ವರಿನ ಬ್ಯಾಕ್‌ಪ್ಲೇನಿಗೆ ಸರಿಯಾಗಿ ಕೂರಲಿಲ್ಲ, ಆಮೇಲೆ ಸರಿಪಡಿಸಿದ ಮಾದರಿ ತಂದರು. ಅಷ್ಟು ದೊಡ್ಡವರಿಗೇ ಹೀಗೆ! ನಡುಕ, ಗಾಳಿಯ ಹರಿವು, ಶಾಖ... ಒಂದೊಂದೂ ತಲೆನೋವು.

ಹಾಗಾದ್ರೆ ಆ ತಲೆನೋವಿಗೆ ಯಾರೂ ಊಹಿಸದ ಮದ್ದು ಕಂಡುಹಿಡಿದವರಿಗೆ ಆ ಮದ್ದಿನ ಪೇಟೆಂಟ್ ಕೊಡಿ, ನನ್ನ ತಕರಾರಿಲ್ಲ. ಆದರೆ "ಎರಡು ಸೈಜು ಒಂದೇ ಡಬ್ಬ" ಅನ್ನೋ ಆಸೆಗೇ ಬೇಲಿ ಹಾಕಬೇಡಿ. ಆ ಬೇಲಿ ಅರ್ಜಿ ಹಾಕಿದ ದಿನದಿಂದ 20 ವರ್ಷ ಇರುತ್ತೆ.

ಬೇಲಿ ಎಷ್ಟು ದುಬಾರಿ ಅನ್ನೋದಕ್ಕೆ 3.5 ಇಂಚಿನ ಡ್ರೈವೇ ಸಾಕ್ಷಿ. ಅದನ್ನು 1983ರಲ್ಲಿ ಮೊದಲು ತಂದದ್ದು ಸ್ಕಾಟ್ಲೆಂಡಿನ ರೋಡೈಮ್. 1980ರ ದಶಕದಲ್ಲೇ ಪೇಟೆಂಟೂ ಪಡೆದರು. 1991ರಲ್ಲಿ ಡ್ರೈವ್ ಮಾಡೋದನ್ನ ನಿಲ್ಲಿಸಿದರೂ ಪೇಟೆಂಟ್ ಹಿಡಿದು ಡ್ರೈವ್ ಕಂಪನಿಗಳ ಬೆನ್ನು ಹತ್ತೋದನ್ನ ನಿಲ್ಲಿಸಲಿಲ್ಲ. ಕ್ವಾಂಟಮ್ ಜೊತೆಗಿನ ಕೇಸಿನಲ್ಲಿ 1995ರಲ್ಲಿ ಸೋತರು. ಮರುಪರಿಶೀಲನೆ ವೇಳೆ ಒಂದು ಅಳತೆಗೆ "ಸುಮಾರು" ಅನ್ನೋ ಪದ ಸೇರಿಸಿ ಹಕ್ಕನ್ನು ಹಿಗ್ಗಿಸಿದ್ದೇ ಕಾರಣ. ಸೀಗೇಟ್ ಮಾತ್ರ 2000ದಲ್ಲಿ 45 ಮಿಲಿಯನ್ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ರೋಡೈಮ್ ಹಕ್ಕು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಅವರು ನಿಜಕ್ಕೂ ಒಂದು ಹೊಸ ವಸ್ತು ಮಾಡಿದ್ದರು. ಎರಡು ಹಳೇ ವಸ್ತುಗಳನ್ನು ಪಕ್ಕ ಪಕ್ಕ ಇಟ್ಟವರಿಗೂ ಅದೇ ಆಯುಧ ಕೊಟ್ಟರೆ ಸಣ್ಣ ಕಂಪನಿಗಳ ಗತಿಯೇನು?

*

ನನ್ನ ನಿಜವಾದ ಮಾತು ಈಗ ಬರ್ತಾ ಇದೆ. ಪೇಟೆಂಟ್ ಕಚೇರಿಯ ಎಕ್ಸಾಮಿನರ್ ದಡ್ಡರಲ್ಲ. ಆದರೆ ಒಂದು ಅರ್ಜಿಗೆ ಅವರ ಕೈಲಿರೋದು ಕೆಲವೇ ಗಂಟೆ. "ಇದು ಎಲ್ಲರಿಗೂ ಗೊತ್ತು" ಅಂತ ಬರೆದರೆ ಸಾಲದು, ಕಾಗದ ತೋರಿಸಬೇಕು. ಕಷ್ಟ ಇರೋದು ಅಲ್ಲೇ. ಎಲ್ಲರಿಗೂ ಗೊತ್ತಿರೋದನ್ನ ಯಾರೂ ಬರೆದಿಡಲ್ಲ! ಅಪರೂಪದ ವಿಷಯಕ್ಕೆ ಪ್ರಬಂಧ ಸಿಗುತ್ತೆ. ಇಡ್ಲಿ ಪಾತ್ರೆಯಲ್ಲಿ ಬಟ್ಟಲು ಇಡೋದಕ್ಕೆ ಯಾವ ಪ್ರಬಂಧ ಇದೆ?

ಅರಿಶಿನದ ಕಥೆ ನೆನಪಿದೆಯಲ್ವಾ? ಗಾಯಕ್ಕೆ ಅರಿಶಿನ ಹಚ್ಚೋದಕ್ಕೆ 1995ರಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ಮೆಡಿಕಲ್ ಸೆಂಟರಿಗೆ ಅಮೆರಿಕದ ಪೇಟೆಂಟ್ ಸಿಕ್ತು. ನಮ್ಮ ಅಜ್ಜಿಯರೆಲ್ಲಾ ಹಚ್ತಾ ಇದ್ರು ಅನ್ನೋದು ಆಗಿನ ಅಮೆರಿಕದ ಕಾನೂನಿಗೆ ಲೆಕ್ಕಕ್ಕೇ ಇರಲಿಲ್ಲ. ಹೊರದೇಶದ ಬಳಕೆ ಸಾಕ್ಷಿಯಲ್ಲ, ಅಚ್ಚಾದ ಬರಹ ಮಾತ್ರ ಸಾಕ್ಷಿ. (ಆ ನಿಯಮ ಬದಲಾದದ್ದು 2013ರ ಮಾರ್ಚಿನಲ್ಲಿ.) ಡಾ. ಮಾಶೇಲ್ಕರ್ ಮುಖ್ಯಸ್ಥರಾಗಿದ್ದ ಸಿಎಸ್‌ಐಆರ್‌ನವರು ಸಂಸ್ಕೃತ, ಉರ್ದು, ಹಿಂದಿ ಗ್ರಂಥಗಳಿಂದ ಹಿಡಿದು 1953ರ ಭಾರತೀಯ ವೈದ್ಯಕೀಯ ಪತ್ರಿಕೆಯ ಲೇಖನದ ತನಕ 32 ದಾಖಲೆ ಹೆಕ್ಕಿ ಕೊಟ್ಟರು. 1997ರಲ್ಲಿ ಪೇಟೆಂಟ್ ರದ್ದಾಯ್ತು. ಗೆದ್ದಿದ್ದು ಅಜ್ಜಿಯ ಕೈಯಲ್ಲ, ಯಾರೋ ಪುಣ್ಯಾತ್ಮರು ಬರೆದಿಟ್ಟ ಕಾಗದ.

ಸರ್ವರ್ ಲೋಕದಲ್ಲೂ ಇಂಥ ಪುಣ್ಯಾತ್ಮರಿದ್ದಾರೆ. ಇಲ್ಲೇ ಬೇ ಏರಿಯಾದ ಬ್ಯಾಕ್‌ಬ್ಲೇಜ್ ಕಂಪನಿ 2009ರಲ್ಲಿ 45 ಡ್ರೈವ್ ಹಿಡಿಯುವ, 67 ಟೆರಾಬೈಟಿನ ತನ್ನ ಕೆಂಪು ಡಬ್ಬದ ವಿನ್ಯಾಸವನ್ನು 7,867 ಡಾಲರ್ ಖರ್ಚಿನ ಲೆಕ್ಕದ ಸಮೇತ ಪ್ರಕಟಿಸಿಬಿಟ್ಟಿತು. 2011ರಲ್ಲಿ ಫೇಸ್‌ಬುಕ್ ಶುರುಮಾಡಿದ ಓಪನ್ ಕಂಪ್ಯೂಟ್ ಪ್ರಾಜೆಕ್ಟ್ ಕೂಡ ಸರ್ವರ್ ವಿನ್ಯಾಸಗಳನ್ನು ಬಹಿರಂಗವಾಗಿ ಇಟ್ಟಿತು. ಇವೆಲ್ಲ ದಾನಧರ್ಮ ಅಂತ ನಾನು ಹೇಳ್ತಿಲ್ಲ. ಆದರೆ ಒಮ್ಮೆ ಪ್ರಕಟವಾದದ್ದನ್ನು ಆಮೇಲೆ ಬಂದವರು "ನಂದು" ಅನ್ನೋದು ಕಷ್ಟ.

ಈ ವಿಷಯದಲ್ಲಿ ನಮ್ಮ ದೇಶದ ಕಾನೂನೇ ವಾಸಿ ಅನ್ಸುತ್ತೆ. 1970ರ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಎಫ್) ಪ್ರಕಾರ, ಗೊತ್ತಿರುವ ಸಾಧನಗಳು ಗೊತ್ತಿರುವ ರೀತಿಯಲ್ಲೇ ತಮ್ಮ ಪಾಡಿಗೆ ತಾವು ಕೆಲಸ ಮಾಡ್ತಿದ್ದರೆ, ಅವನ್ನು ಬರೀ ಜೋಡಿಸಿಟ್ಟದ್ದು ಆವಿಷ್ಕಾರವೇ ಅಲ್ಲ. 1978ರಲ್ಲಿ ನಮ್ಮ ಸುಪ್ರೀಂ ಕೋರ್ಟು ಒಂದು ಪೇಟೆಂಟನ್ನು ಇದೇ ಧಾಟಿಯಲ್ಲಿ ತಳ್ಳಿಹಾಕಿತು. ಕಾರ್ಖಾನೆಯಲ್ಲಿ ದಿನನಿತ್ಯ ಆಗೋ ಸಣ್ಣ ಸುಧಾರಣೆ ಸಾಲದು, ಅದಕ್ಕಿಂತ ಹೆಚ್ಚಿನದೇನಾದರೂ ಬೇಕು ಅಂತ. ವಸ್ತು ಏನು ಗೊತ್ತಾ? ಲೇತ್ ಮೇಲೆ ತಿರುಗಿಸುವಾಗ ಪಾತ್ರೆಯನ್ನು ಹಿಡಿದುಕೊಳ್ಳುವ ಸಾಧನ. ಹೌದು ಸ್ವಾಮೀ, ಪಾತ್ರೆ!

*

ಫಾರ್ಮ್ ಏನಾಯ್ತು ಅಂತ ತಾನೇ? ಮರುದಿನ ಕಂಪನಿಯ ವಕೀಲರ ಹತ್ತಿರ ಹೋಗಿ ನನಗೆ ಗೊತ್ತಿದ್ದ ಹಳೇ ಡಬ್ಬಗಳನ್ನೆಲ್ಲಾ ಪಟ್ಟಿ ಮಾಡಿ ಕೊಟ್ಟೆ. ಗೊತ್ತಿರೋ ಮುಖ್ಯ ಸಂಗತಿ ಮುಚ್ಚಿಡೋ ಹಾಗಿಲ್ಲ ಅನ್ನೋದು ಇಲ್ಲಿನ ನಿಯಮವೇ. ಆಕೆ ಬೈತಾರೇನೋ ಅಂದ್ಕೊಂಡಿದ್ದೆ, ಥ್ಯಾಂಕ್ಸ್ ಹೇಳಿದರು. ಕೊನೆಗೆ ಅರ್ಜಿ ಚಿಕ್ಕದಾಯ್ತು. ಡ್ರೈವುಗಳ ನಡುಕ ತಡೆಯೋಕೆ ನಮ್ಮ ಹಾರ್ಡ್‌ವೇರ್ ಹುಡುಗಿಯೊಬ್ಬಳು ತಿಂಗಳುಗಟ್ಟಲೆ ಒದ್ದಾಡಿ ಮಾಡಿದ ಒಂದು ಭಾಗಕ್ಕೆ ಮಾತ್ರ. ಅದು ನ್ಯಾಯ. ಅದರಲ್ಲಿ ನನ್ನ ಪಾಲಿರಲಿಲ್ಲ, ಹೆಸರು ಬಿಟ್ಟುಹೋಯ್ತು. ಬೋನಸ್ಸೂ ಹೋಯ್ತು. ಧಾರವಾಡದ ಅಣ್ಣ "ಹುಚ್ಚಪ್ಪ" ಅಂದ್ರು.

ಸುಳ್ಳು ಯಾಕೆ ಹೇಳ್ಲಿ, ತಿಂಗಳಿಗೊಮ್ಮೆ ವೀಸಾ ಬುಲೆಟಿನ್ ನೋಡಿದಾಗ ಅವರ ಮಾತು ಸರಿ ಅನ್ಸುತ್ತೆ. ಆದರೆ ನಾವು ಸಾವಿರಾರು ಜನ ಹೀಗೇ ಒಂದೊಂದು ಸಹಿ ಹಾಕ್ತಾ ಹೋದರೆ, ನಾಳೆ ತುಮಕೂರಿನ ಹುಡುಗನೊಬ್ಬ ಗ್ಯಾರೇಜಿನಲ್ಲಿ ಡಬ್ಬ ಮಾಡಿ ಇಲ್ಲಿ ಮಾರೋಕೆ ಬಂದಾಗ ಕ್ಲೇ ಸ್ಟ್ರೀಟಿನ ಆ ಕಟ್ಟಡದಲ್ಲಿ ನಿಲ್ಲಬೇಕಾದವನು ಅವನು.

ಅದಕ್ಕೇ ಒಂದು ಕೋರಿಕೆ. ನಿಮ್ಮ ಕೆಲಸದಲ್ಲಿ "ಇದೇನ್ ಮಹಾ, ಎಲ್ಲರೂ ಮಾಡ್ತಾರೆ" ಅನ್ನೋದಿದ್ದರೆ, ಕಂಪನಿಯ ಗುಟ್ಟಲ್ಲದಿದ್ದರೆ, ಬರೆದಿಡಿ, ತಾರೀಖು ಹಾಕಿ. ಎಲ್ಲರ ಕೈಗೂ ಸಿಗುವಂತೆ ಪ್ರಕಟವಾದ ಬರಹ ಯಾವ ಭಾಷೆಯಲ್ಲಿದ್ದರೂ ಸಾಕ್ಷಿಯೇ, ಕನ್ನಡದಲ್ಲಿದ್ದರೂ. ಅಮೆರಿಕದಲ್ಲಿ 2012ರಿಂದ, ಪ್ರಕಟವಾದ ಅರ್ಜಿ ಇನ್ನೂ ಪರಿಶೀಲನೆಯಲ್ಲಿರುವಾಗ ಹೊರಗಿನವರೂ ಗಡುವಿನೊಳಗೆ ಇಂಥ ದಾಖಲೆಗಳನ್ನು ಸಲ್ಲಿಸಬಹುದು.

ಇಗೋ, ನಾನು ಶುರುಮಾಡಿದೆ. ಒಂದೇ ಪಾತ್ರೆ, ಕೆಳಗೆ ಎರಡು ತಟ್ಟೆ ಇಡ್ಲಿ, ನಡುವೆ ಹಬೆಗೆ ಒಂದು ಬಟ್ಟಲು, ಮೇಲೆ ಬೇಗ ಬೇಯುವ ಚಿಕ್ಕ ಇಡ್ಲಿ, ಮೊದಲು ತೆಗೆಯೋಕೆ ಅನುಕೂಲ. ಇನ್ನು ಯಾರಾದ್ರೂ ಪೇಟೆಂಟ್ ಕೇಳಿದ್ರೆ ಈ ಪುಟ ತೋರಿಸಿ.

ನಿಮ್ಮ ಮನೆಯಲ್ಲಿ, ನಿಮ್ಮ ಆಫೀಸಿನಲ್ಲಿ ಬರೆದಿಡದೇ ಉಳಿದದ್ದು ಏನೇನಿದೆ?