ಶಾಲೆಯ ಪ್ರಾರ್ಥನೆ, ಮನೆಯ ಪೂಜೆ

ಈ ತಿಂಗಳು ನನ್ನ ಕೈಸೇರಿದ ಪತ್ರಗಳಲ್ಲಿ ಎರಡು ಒಂದೇ ವಿಷಯವನ್ನು ಎರಡು ದಿಕ್ಕಿನಿಂದ ಎತ್ತಿವೆ. ಒಂದು ಪತ್ರ ಶಿಕಾರಿಪುರದ ನಿವೃತ್ತ ಉಪಾಧ್ಯಾಯರದು. ಮಕ್ಕಳಲ್ಲಿ ವಿನಯವು ಮರೆಯಾಗುತ್ತಿದೆ. ಆದುದರಿಂದ ನಮ್ಮ ಸಮಾಜದ ವಿದ್ಯಾಸಂಸ್ಥೆಗಳಲ್ಲಿ ಓದುವ ಎಲ್ಲ ಮಕ್ಕಳೂ, ಯಾವ ಮತದವರೇ ಆಗಿರಲಿ, ದಿನವೂ ವಚನ ಪ್ರಾರ್ಥನೆಯನ್ನು ಮಾಡಲೇಬೇಕೆಂಬ ನಿಯಮವಾಗಬೇಕು ಎಂಬುದು ಅವರ ಅಭಿಪ್ರಾಯ. ಇನ್ನೊಂದು ಪತ್ರ ಸೊರಬ ತಾಲ್ಲೂಕಿನ ತಾಯಿಯೊಬ್ಬರದು. ಅವರ ಮಗಳು ಅನ್ಯಧರ್ಮೀಯರು ನಡೆಸುವ ಶಾಲೆಗೆ ಹೋಗುತ್ತಾಳೆ. ಅಲ್ಲಿ ಅವರ ಪ್ರಾರ್ಥನೆಯನ್ನು ಹೇಳದೆ ಇರುವಂತಿಲ್ಲ. ಜೊತೆಯ ಮಕ್ಕಳು ಏನೆನ್ನುವರೋ ಎಂಬ ಸಂಕೋಚದಿಂದ ಮಗು ಇಷ್ಟಲಿಂಗವನ್ನು ಮನೆಯಲ್ಲಿಯೇ ಬಿಟ್ಟು ಹೋಗುತ್ತಿದೆ. ಇದು ನ್ಯಾಯವೇ ಎಂಬುದು ಆ ತಾಯಿಯ ಪ್ರಶ್ನೆ.

ತಾಯಿಯ ನೋವು ನ್ಯಾಯವಾದುದೆಂದು ಒಪ್ಪಿದ ಮೇಲೆ ಉಪಾಧ್ಯಾಯರ ಸಲಹೆಯನ್ನು ಒಪ್ಪಲು ಬರುವುದಿಲ್ಲ. ನಮ್ಮ ಮಗುವಿಗೆ ಭಾರವಾದುದು ಪರರ ಮಗುವಿಗೆ ಹಗುರವಾಗಲಾರದು. ಅಳತೆಗೋಲು ಒಂದೇ ಇರಬೇಕು.

ಹಾಗಾದರೆ ಶಾಲೆಯಿಂದ ಧರ್ಮವನ್ನು ಸಂಪೂರ್ಣವಾಗಿ ಹೊರಗಿಡಬೇಕೇ? ಇದಕ್ಕೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಅಲ್ಲಮಪ್ರಭುಗಳ ಬಳ್ಳಿಗಾವೆ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇದೆ. ಅಲ್ಲಿನ ಕೇದಾರೇಶ್ವರ ದೇವಾಲಯಕ್ಕೆ ಸೇರಿದ್ದ ಕೋಡಿಯ ಮಠವನ್ನು ಬಿಜ್ಜಳನ ಕಾಲದ 1162ರ ಶಾಸನವು ವಿಸ್ತಾರವಾಗಿ ಬಣ್ಣಿಸುತ್ತದೆ. ನಾಲ್ಕು ವೇದಗಳು, ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯಗಳೊಂದಿಗೆ ಬೌದ್ಧ ದರ್ಶನವೂ ಅಲ್ಲಿ ವ್ಯಾಖ್ಯಾನಗೊಳ್ಳುತ್ತಿತ್ತು. ದೀನರಿಗೆ, ಅನಾಥರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ಜೈನ ಕ್ಷಪಣಕರಿಗೂ ಅನ್ನ ದೊರೆಯುತ್ತಿತ್ತು. ಆ ಮಠದ ಆಚಾರ್ಯರು ಲಾಕುಳ ಶೈವರು. ತಮ್ಮ ಶಿವನನ್ನು ಅವರು ಬಿಟ್ಟವರಲ್ಲ. ಆದರೂ ಪರಮತವನ್ನು ಅರಿಯುವುದರಿಂದ ತಮ್ಮ ಮತಕ್ಕೆ ಕುಂದು ಬರುವುದೆಂದು ಅವರು ಭಾವಿಸಲಿಲ್ಲ.

ಸೊರಬ ಸೀಮೆಗೂ ಇಂಥ ಹಿರಿಮೆಯುಂಟು. ಆನವಟ್ಟಿಯ ಸಮೀಪದ ಕುಬಟೂರಿನಲ್ಲಿ 1077ರಲ್ಲಿ ಕದಂಬ ಕೀರ್ತಿದೇವನ ಅರಸಿ ಮಾಳಲದೇವಿಯು ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಾಗ, ಊರಿನ ಬ್ರಾಹ್ಮಣರೇ ಅದಕ್ಕೆ ಬ್ರಹ್ಮಜಿನಾಲಯವೆಂದು ಹೆಸರಿಟ್ಟರು. ಪೂಜೆ ಅವರವರದು, ಗೌರವ ಎಲ್ಲರದು ಎಂಬ ನಡೆ ಈ ನೆಲಕ್ಕೆ ಹೊಸತಲ್ಲ.

ಇಲ್ಲಿ ಒಂದು ವಿವೇಕವನ್ನು ಗ್ರಹಿಸಬೇಕು. ಧರ್ಮಗಳನ್ನು ಕುರಿತು ಕಲಿಯುವುದು ಬೇರೆ. ಒಂದು ಧರ್ಮದ ಪೂಜೆಯನ್ನು ಮಾಡಿಸುವುದು ಬೇರೆ. ಮೊದಲನೆಯದು ವಿದ್ಯೆ, ಎರಡನೆಯದು ಉಪಾಸನೆ. ವಿದ್ಯೆಯನ್ನು ಗುರುವು ಎಲ್ಲರಿಗೂ ಕೊಡಬಹುದು. ಉಪಾಸನೆ ಮಾತ್ರ ಒಳಗಿನಿಂದಲೇ ಹುಟ್ಟಬೇಕು.

ಈ ವಿವೇಕ ನನಗೆ ಗ್ರಂಥದಿಂದ ಬಂದುದಲ್ಲ. ನನ್ನ ತಪ್ಪಿನಿಂದ ಬಂದುದು. 1984ರ ಸುಮಾರಿಗೆ ಸೊರಬ ಸೀಮೆಯ ಒಂದು ಶಾಲೆಯಲ್ಲಿ ನಾನು ಹೊಸದಾಗಿ ಪಾಠ ಹೇಳುತ್ತಿದ್ದೆ. ಬೆಳಗಿನ ಪ್ರಾರ್ಥನೆಯಲ್ಲಿ ಅನ್ಯಮತದ ಬಾಲಕನೊಬ್ಬ ಕೈಕಟ್ಟಿ ಸುಮ್ಮನೆ ನಿಲ್ಲುತ್ತಿದ್ದ. ಗದ್ದಲವಿಲ್ಲ, ಅವಿನಯವಿಲ್ಲ. ನಾನು ಬೆತ್ತ ತೋರಿಸಿ ಗದರಿದೆ. ಮರುದಿನ ಅವನು ಕೈಮುಗಿದು ತುಟಿ ಅಲ್ಲಾಡಿಸಿದ. ಗೆದ್ದೆನೆಂದು ಬೀಗಿ, ಮಠಕ್ಕೆ ಹೋದಾಗ ನನ್ನ ಗುರುಗಳಲ್ಲಿ ಈ ಸಂಗತಿಯನ್ನು ಅರಿಕೆ ಮಾಡಿಕೊಂಡೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ, "ಆ ಹುಡುಗ ಯಾರನ್ನು ಪ್ರಾರ್ಥಿಸಿದನಪ್ಪಾ, ಶಿವನನ್ನೋ, ನಿನ್ನ ಬೆತ್ತವನ್ನೋ?" ಎಂದರು. ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಬಾಲಕನನ್ನು ಕರೆದು ತಪ್ಪಾಯಿತೆಂದು ಹೇಳುವಷ್ಟು ಧೈರ್ಯವೂ ಆಗ ಬರಲಿಲ್ಲ. ಆ ಭಾರ ಇಂದಿಗೂ ಇಳಿದಿಲ್ಲ.

ಅದಾದ ಮೇಲೆ 1986ರಲ್ಲಿ ಇಂಥದೇ ಒಂದು ಪ್ರಕರಣದ ತೀರ್ಪು ಹೊರಬಂದಿತು. ಕೇರಳದ ಒಂದು ಶಾಲೆಯಲ್ಲಿ ಮೂವರು ಮಕ್ಕಳು ತಮ್ಮ ಮತದ ನಂಬಿಕೆಯಂತೆ ರಾಷ್ಟ್ರಗೀತೆಯನ್ನು ಹಾಡದೆ, ಗೌರವದಿಂದ ಎದ್ದು ನಿಲ್ಲುತ್ತಿದ್ದರು. ಅವರನ್ನು ಶಾಲೆಯಿಂದ ಹೊರಹಾಕಿದ್ದು ಸರಿಯಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ನನ್ನ ಪಾಲಿಗೆ ಆ ತೀರ್ಪು ಗುರುಗಳಿಂದ ಮೊದಲೇ ಬಂದಿತ್ತು.

ನಮ್ಮ ಸಂವಿಧಾನದ 28ನೆಯ ವಿಧಿಯು ಈ ವಿಚಾರವನ್ನು ಸ್ಪಷ್ಟಪಡಿಸಿದೆ. ಸಂಪೂರ್ಣವಾಗಿ ಸರಕಾರದ ಹಣದಿಂದಲೇ ನಡೆಯುವ ಶಾಲೆಯಲ್ಲಿ ಮತಬೋಧನೆ ಸಲ್ಲದು. ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿಯೂ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಮತಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. ಆದರೆ ಧರ್ಮಗಳನ್ನು ಕುರಿತು ತಿಳಿಸುವ ಪಾಠ ಇದಕ್ಕೆ ವಿರೋಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವೇ 2002ರಲ್ಲಿ ಹೇಳಿದೆ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯಿದೆಯು ಶಾಲೆಗಳಲ್ಲಿ ನಿತ್ಯ ಪ್ರಾರ್ಥನೆಯನ್ನು ಕಡ್ಡಾಯ ಮಾಡಿದಾಗಲೂ, ತಮ್ಮ ಮಗುವನ್ನು ಅದರಿಂದ ಬಿಡಿಸಿಕೊಳ್ಳುವ ಹಕ್ಕನ್ನು ತಂದೆತಾಯಿಗಳಿಗೆ ಉಳಿಸಿತು.

ಕಾನೂನಿನ ಮಾತು ಹಾಗಿರಲಿ. ನಮ್ಮ ಧರ್ಮ ಏನೆನ್ನುತ್ತದೆ? ಭೀಮಕವಿಯ ಬಸವಪುರಾಣದಲ್ಲಿ ಬಾಲಕ ಬಸವಣ್ಣನವರು ತಂದೆ ಮಾಡಹೊರಟ ಉಪನಯನವನ್ನು ಬೇಡವೆನ್ನುತ್ತಾರೆ. ಹರಿಹರನ ರಗಳೆಯಲ್ಲಿ ಜನಿವಾರವನ್ನು ಆಮೇಲೆ ತ್ಯಜಿಸುತ್ತಾರೆ. ಕಥೆಯ ಬಗೆ ಎರಡಾದರೂ ತಿರುಳು ಒಂದೇ: ತನಗೆ ಒಪ್ಪದ ಸಂಸ್ಕಾರಕ್ಕೆ ಕೊರಳೊಡ್ಡದವರು ನಮ್ಮ ಧರ್ಮಗುರುಗಳು. ಶಿಕಾರಿಪುರದ ನೆಲದಲ್ಲಿಯೇ ಹುಟ್ಟಿದ ಉಡುತಡಿಯ ಅಕ್ಕಮಹಾದೇವಿಯೂ ತನ್ನ ದೇವರನ್ನು ತಾನೇ ಆರಿಸಿಕೊಂಡವಳು. ಇಂಥವರ ಮಕ್ಕಳಾದ ನಾವು ಇನ್ನೊಂದು ಮಗುವಿನ ಬಾಯಲ್ಲಿ ಬಲವಂತದಿಂದ ನಮ್ಮ ಪ್ರಾರ್ಥನೆಯನ್ನು ಹೇಳಿಸಿದರೆ, ಹೇಳಿಸಿದ್ದು ಬಸವಣ್ಣನವರ ವಚನವೇ ಆದರೂ, ನಡೆದದ್ದು ಬಸವಣ್ಣನವರ ದಾರಿಯಲ್ಲಿ ಅಲ್ಲ.

ಆದುದರಿಂದ ಶಿಕಾರಿಪುರದ ಹಿರಿಯರಲ್ಲಿ ನನ್ನ ವಿನಂತಿ ಇಷ್ಟು. ವಚನಗಳನ್ನು ಶಾಲೆಯಲ್ಲಿ ಧಾರಾಳವಾಗಿ ಕಲಿಸೋಣ. ಅವು ಕನ್ನಡದ ಸಂಪತ್ತು. ಎಲ್ಲ ಮಕ್ಕಳಿಗೂ ಸೇರಿದ್ದು. ಅದರೊಡನೆ ಇತರ ಧರ್ಮಗಳ ಸಾರವನ್ನೂ ಮಕ್ಕಳು ತಿಳಿಯಲಿ. ಪ್ರಾರ್ಥನೆಯ ಹೊತ್ತಿನಲ್ಲಿ ಮನಸ್ಸಿದ್ದವರು ಹಾಡಲಿ, ಇಲ್ಲದವರು ಮೌನವಾಗಿ ನಿಲ್ಲಲಿ. ಆ ಮೌನವನ್ನು ಯಾರೂ ಅವಿಧೇಯತೆಯೆಂದು ಎಣಿಸದಿರಲಿ. ವಿನಯವಾದರೋ ಉಪಾಧ್ಯಾಯರ ನಡೆಯನ್ನು ಕಂಡು ಬರತಕ್ಕದ್ದು, ನಿಯಮದಿಂದ ಬರತಕ್ಕದ್ದಲ್ಲ.

ಸೊರಬದ ತಾಯಿಯವರಿಗೆ ಎರಡು ಮಾತು. ಶಾಲೆಯ ಮುಖ್ಯಸ್ಥರನ್ನು ಕಂಡು, ತಮ್ಮ ಮಗಳು ಪ್ರಾರ್ಥನೆಯಲ್ಲಿ ಗೌರವದಿಂದ ನಿಲ್ಲುವಳು, ಆದರೆ ಹೇಳಲು ತಮ್ಮ ಒಪ್ಪಿಗೆಯಿಲ್ಲವೆಂದು ಸೌಜನ್ಯದಿಂದ ಬರೆದುಕೊಡಿರಿ. ಅದು ತಮ್ಮ ಹಕ್ಕು. ಎರಡನೆಯ ಮಾತು ಸ್ವಲ್ಪ ಕಠಿಣ. ಅದು ತಮ್ಮೊಬ್ಬರಿಗಲ್ಲ, ಈ ಪತ್ರಿಕೆಯನ್ನು ಓದುವ ಪ್ರತಿಯೊಂದು ಮನೆಗೂ ಸಲ್ಲುವಂಥದು. ಇಂದು ನಮ್ಮ ಎಷ್ಟು ಮನೆಗಳಲ್ಲಿ ತಂದೆಯ ಕೊರಳಲ್ಲಿ ಶಿವದಾರವಿದೆ? ಹಿರಿಯರ ಕರಡಿಗೆಯೇ ದೇವರ ಜಗುಲಿಯ ಮೇಲೆ ಕುಳಿತಿರುವಾಗ ಮಗುವಿಗೆ ಸಂಕೋಚವಾಗದೆ ಇದ್ದೀತೆ? ಇಷ್ಟಲಿಂಗವು ಅಂಗೈಯಲ್ಲಿಟ್ಟು ತಾನೇ ನೋಡಿ ತಾನೇ ಪೂಜಿಸುವ ಕುರುಹು. ಅದಕ್ಕೆ ಪೂಜಾರಿಯೂ ಬೇಡ, ಶಾಲೆಯ ಗಂಟೆಯೂ ಬೇಡ. ಬೆಳಗಿನ ಕಾಲು ಗಂಟೆ ತಾಯಿತಂದೆ ಮಕ್ಕಳು ಒಟ್ಟಿಗೆ ಕುಳಿತರೆ ಸಾಕು. ಮನೆಯಲ್ಲಿ ಮಾಡಬೇಕಾದುದನ್ನು ನಾವು ಬಿಟ್ಟಿದ್ದೇವೆ. ಬಿಟ್ಟುದನ್ನು ಶಾಲೆಯು ತುಂಬಿಕೊಡಲೆಂದು ನಿರೀಕ್ಷಿಸುತ್ತಿದ್ದೇವೆ. ಅದು ಶಾಲೆಯ ಕೆಲಸವಲ್ಲ.

ಮನೆಯ ಪೂಜೆಯಲ್ಲಿ ಬೆಳೆದ ಮಗು ಯಾವ ಶಾಲೆಯ ಪ್ರಾರ್ಥನೆಯ ನಡುವೆ ನಿಂತರೂ ಅಳುಕದು. ಇತರರ ದೇವರನ್ನು ಕಂಡರೆ ಹಳಿಯದು. ಅಂಥ ಮಕ್ಕಳು ನಮ್ಮ ಮನೆಮನೆಯಲ್ಲಿ ಬೆಳೆಯಲಿ ಎಂದು ಹಾರೈಸುತ್ತೇನೆ.

ಶರಣು ಶರಣಾರ್ಥಿ.