ಮೊದಲು ಕೇಳೋಣ, ಆಮೇಲೆ ಹೇಳೋಣ

‘ಬಿಇ ಓದಿ ಕೊನೆಗೆ ಸೇಲ್ಸ್ ಕೆಲಸಾನಾ?’ ಕ್ಯಾಂಪಸ್‌ಗೆ ಬರುವ ಕಂಪನಿಯೊಂದು ಮಾರಾಟ ವಿಭಾಗಕ್ಕೆ ಆಯ್ಕೆ ನಡೆಸುತ್ತದೆ ಎಂದು ಗೊತ್ತಾದಾಗ ನಮ್ಮ ಹಾಸ್ಟೆಲ್‌ನಲ್ಲಿ ಎದ್ದ ಮಾತಿದು. ನಾನೂ ಹಾಗೇ ಅಂದುಕೊಂಡಿದ್ದೆ. ರಜೆಯಲ್ಲಿ ಶಿವಮೊಗ್ಗದ ಸೋದರಮಾವನ ಸೋಲಾರ್ ವಾಟರ್ ಹೀಟರ್ ಅಂಗಡಿಯಲ್ಲಿ ಎರಡು ತಿಂಗಳು ನಿಂತ ಮೇಲೆ ಅಭಿಪ್ರಾಯ ಬದಲಾಗಿದೆ.

ಮೊದಲ ವಾರ ಒಂದೂ ಮಾರಲಿಲ್ಲ. ಗಿರಾಕಿ ಬಂದ ಕೂಡಲೇ ಗಾಜಿನ ಟ್ಯೂಬು, ತಾಮ್ರದ ಪೈಪು, ಶಾಖದ ನಷ್ಟ ಎಂದು ಪಾಠ ಶುರು ಮಾಡುತ್ತಿದ್ದೆ. ಅವರು ‘ಮನೇಲಿ ಕೇಳಿ ಬರ್ತೀವಿ’ ಎಂದು ಹೊರಟುಬಿಡುತ್ತಿದ್ದರು. ಮಾವ ಹೇಳಿದ್ದು ಇಷ್ಟೇ: ‘ಮೊದ್ಲು ಕೇಳೋ, ಆಮೇಲೆ ಹೇಳು.’ ಮನೆಯಲ್ಲಿ ಎಷ್ಟು ಜನ? ನೀರಿನ ಟ್ಯಾಂಕ್ ಎಷ್ಟು ಎತ್ತರದಲ್ಲಿದೆ? ಬೋರ್‌ವೆಲ್ ನೀರೋ, ನಲ್ಲಿ ನೀರೋ? ಗಡಸು ನೀರಾದರೆ ತಾಮ್ರದ ಪೈಪಿನಲ್ಲಿ ಬೇಗ ಸುಣ್ಣ ಕಟ್ಟುತ್ತದೆ. ಇಷ್ಟು ತಿಳಿದರೆ 100 ಲೀಟರಿನದು ಸಾಕೋ, 200 ಲೀಟರಿನದು ಬೇಕೋ, ಯಾವ ಬಗೆಯದು ಹೊಂದುತ್ತದೋ ಮಾತಿನಲ್ಲೇ ಇತ್ಯರ್ಥವಾಗುತ್ತದೆ.

ಎರಡನೆಯದು, ನೋಟ್‌ಬುಕ್. ‘ಕೇಳಿ ಬರ್ತೀವಿ’ ಅಂದವರ ನಂಬರ್ ಜೊತೆಗೆ ಅವರ ಅನುಮಾನವನ್ನೂ ಬರೆದುಕೊಳ್ಳಬೇಕು. ಮೂರು ದಿನ ಬಿಟ್ಟು ಫೋನ್ ಮಾಡಿದಾಗ ‘ತಗೋತೀರಾ?’ ಎನ್ನುವ ಬದಲು ಆ ಅನುಮಾನಕ್ಕೆ ಉತ್ತರ ಕೊಟ್ಟರೆ ಮಾತು ಮುಂದುವರಿಯುತ್ತದೆ.

ಮೂರನೆಯದನ್ನು ಕೈಯಿಂದ ದುಡ್ಡು ಕೊಟ್ಟು ಕಲಿತೆ. ‘ಮಳೆಗಾಲದಲ್ಲೂ ಬಿಸಿನೀರು ಬರುತ್ತಾ?’ ಎಂದು ಕೇಳಿದ ಅಮ್ಮ ಒಬ್ಬರಿಗೆ ‘ಬಂದೇ ಬರುತ್ತೆ’ ಎಂದು ಹೇಳಿ ಮಾರಿದ್ದೆ. ಜುಲೈ ತಿಂಗಳಲ್ಲಿ ವಾರಗಟ್ಟಲೆ ಮೋಡ ಮುಸುಕಿತು. ‘ವಯಸ್ಸಾದವರು ತಣ್ಣೀರು ಸ್ನಾನ ಮಾಡ್ತಿದ್ದಾರೆ ಕಣಪ್ಪಾ’ ಎಂದು ಅವರು ಫೋನಿನಲ್ಲಿ ಹೇಳಿದಾಗ ತಲೆ ತಗ್ಗಿಸಿದೆ. ಮಾವ ಆ ಮನೆಗೆ ಕರೆಂಟ್ ಕಾಯಿಲ್ ಹಾಕಿಸಿ, ಅದರ ಖರ್ಚನ್ನು ನನ್ನ ಸಂಬಳದಲ್ಲಿ ಹಿಡಿದರು. ಅಲ್ಲಿಂದ ಮುಂದೆ ಮೋಡದ ದಿನದ ವಿಷಯವನ್ನು ನಾನೇ ಮೊದಲು ಹೇಳತೊಡಗಿದೆ. ಕೆಲವರು ಎದ್ದು ಹೋದರು, ನಿಜ. ಆದರೆ ಕೊಂಡವರ ಮನೆಯಿಂದ ಬೈಗುಳ ಬರಲಿಲ್ಲ.

ಟಾರ್ಗೆಟ್ ಮುಟ್ಟಲು ಹೇಳಿದ ಸುಳ್ಳು ಈ ತಿಂಗಳ ಲೆಕ್ಕ ತುಂಬಿಸಬಹುದು. ಚಿಕ್ಕ ಊರಿನಲ್ಲಿ ಅದು ಅಕ್ಕಪಕ್ಕದ ಬೀದಿಯ ಗಿರಾಕಿಗಳನ್ನೂ ಓಡಿಸುತ್ತದೆ. ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದು ಗೊತ್ತಿರುವ ನಮಗೆ, ಅದು ಯಾವಾಗ ಕೆಲಸ ಮಾಡುವುದಿಲ್ಲ ಎಂದು ಹೇಳುವ ಜವಾಬ್ದಾರಿಯೂ ಇದೆ. ಹಾಗಿರುವಾಗ ಈ ಕೆಲಸ ಬಿಇ ಓದಿದವರಿಗೆ ಕೀಳು ಹೇಗಾದೀತು?

ಆ ಕಂಪನಿಯ ಆಯ್ಕೆಗೆ ನಾನು ಹೆಸರು ಕೊಟ್ಟಿದ್ದೇನೆ. ನೀವು?